ನೆಲದಡಿಯ ನೀರು, ಜಾಲರಿಯ ಲೆಕ್ಕ

ಕುಲಗೋಡ ಎಂಬ ಹೆಸರು ಕಿವಿಗೆ ಬಿದ್ದೊಡನೆ ಸಾಹಿತ್ಯಾಭಿಮಾನಿಗಳಿಗೆ ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ತಮ್ಮಣ್ಣ ನೆನಪಾಗುವುದು ಸಹಜ. ಆ ಊರನ್ನೊಳಗೊಂಡ ಘಟಪ್ರಭಾ ಸೀಮೆಗೆ ಇನ್ನೊಂದು ಕಥೆಯೂ ಉಂಟು. ಅದು ನೀರಿನ ಕಥೆ.

1897ರ ಹೊತ್ತಿಗೆ ಧೂಪದಾಳದ ಒಡ್ಡೂ ಅದರ ಎಡದಂಡೆ ಕಾಲುವೆಯೂ ಸಿದ್ಧವಾದವು. ಮುಂದೆ ಹಿಡಕಲ್ ಜಲಾಶಯ ಬಂದಾಗ ಕಾಲುವೆ 109 ಕಿಲೋಮೀಟರಿಗೆ ಬೆಳೆಯಿತು. ಎರೆ ಹೊಲಗಳಲ್ಲಿ ಕಬ್ಬು ನಳನಳಿಸಿತು. ಆದರೆ ನೀರು ಬಸಿಯದ ಕಡೆಗಳಲ್ಲಿ ನೆಲ ಸವಳು-ಜವಳಾಯಿತು. ಎಷ್ಟು ನೀರು ಬಿಟ್ಟರೆ ಕಾಲುವೆಯ ತುದಿಯ ಪೈರೂ ಉಳಿದೀತು, ಮೇಲಿನ ನೆಲವೂ ಕೆಡದಿದ್ದೀತು? ಇದು ರೈತನ ಪ್ರಶ್ನೆ; ಗಣಿತಜ್ಞನ ಪ್ರಶ್ನೆಯೂ ಹೌದು.

ಮರಳಿನಲ್ಲಿ ನೀರು ಜಿನುಗುವ ನಿಯಮವನ್ನು 1856ರಲ್ಲಿ ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ ಪ್ರಕಟಿಸಿದರು. ಅದರಿಂದ ಹುಟ್ಟಿದ ಅವಕಲ ಸಮೀಕರಣ ನೆಲದಡಿಯ ನೀರಿನ ಮಟ್ಟವನ್ನು ತಿಳಿಸುತ್ತದೆ. ಆದರೆ ಎಷ್ಟು ನೀರು ಬಿಡಬೇಕೆಂಬ ಆಯ್ಕೆ ಬೇರೆಯೇ ಮಾತು. ಇಂಥ ಆಯ್ಕೆಗಳಿಗೆ ಶಾಸ್ತ್ರದ ರೂಪ ಕೊಟ್ಟ ಝಾಕ್ ಲೂಯಿ ಲಿಯೋನ್ಸ್ ಅವರ ಗ್ರಂಥ 1968ರಲ್ಲಿ ಹೊರಬಂದಿತು. ಅದೇ ಪರಂಪರೆಯ ರೋಲಾಂ ಗ್ಲೊವಿನ್ಸ್ಕಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೀಡಿದ ಉಪನ್ಯಾಸಗಳು 1980ರಲ್ಲಿ ಪುಸ್ತಕವಾದವು. ತೊಡಕೆಂದರೆ, ಒಂದೊಂದು ಆಯ್ಕೆಯನ್ನು ಒರೆಗೆ ಹಚ್ಚಲೂ ಸಮೀಕರಣವನ್ನು ಮೊದಲಿನಿಂದ ಬಿಡಿಸಬೇಕು.

ಬಿಡಿಸುವ ಬಗೆಯಾದರೂ ಹೇಗೆ? ಸೀಮೆಯ ನಕ್ಷೆಯ ಮೇಲೆ ಜಾಲರಿ ಹಾಸಿ, ಪ್ರತಿಯೊಂದು ಗಂಟಿನಲ್ಲಿಯೂ ನೀರಿನ ಮಟ್ಟವನ್ನು ಊಹಿಸಿ, ಅದನ್ನು ನೆರೆಯ ಗಂಟುಗಳೊಡನೆ ಮತ್ತೆ ಮತ್ತೆ ಹೊಂದಿಸುವುದು. ಹೊಲದಿಂದ ಹೊಲಕ್ಕೆ ಬದಲಾಗುವ ಸಣ್ಣ ತಪ್ಪುಗಳು ಇದರಿಂದ ಬೇಗ ಅಳಿಯುತ್ತವೆ. ಇಡೀ ತಾಲೂಕಿನ ಉದ್ದಕ್ಕೂ ಹಬ್ಬಿದ ತಪ್ಪು ಮಾತ್ರ ಬೇಗ ಕದಲದು. ನೆರೆಯವನನ್ನು ಕೇಳಿ ಪ್ರಯೋಜನವೇನು? ಅವನೂ ಅದೇ ತಪ್ಪಿನಲ್ಲಿರುತ್ತಾನೆ!

1961ರಲ್ಲಿ ರಷ್ಯದ ಫೆಡೊರೆಂಕೊ ಉಪಾಯವೊಂದನ್ನು ಸೂಚಿಸಿದರು: ಉಳಿದ ತಪ್ಪನ್ನು ಕಣ್ಣು ಅಗಲವಾದ ಜಾಲರಿಗೆ ಒಯ್ದು ಅಲ್ಲಿ ತಿದ್ದಿ, ಆ ತಿದ್ದುಪಡಿಯನ್ನು ಸಣ್ಣ ಕಣ್ಣಿನ ಜಾಲರಿಗೆ ಮರಳಿ ತರುವುದು. ಅಗಲ ಜಾಲರಿಯಲ್ಲಿ ದೂರದ ಊರೂ ನೆರೆಯಾಗುತ್ತದೆ. 1966ರಲ್ಲಿ ಬಖ್ವಾಲೊವ್ ಇದನ್ನು ವಿಸ್ತರಿಸಿದರು. 1970ರ ದಶಕದಲ್ಲಿ ಇಸ್ರೇಲಿನ ಆಖಿ ಬ್ರಾಂಟ್ ಇದರ ನಿಜವಾದ ಬಲವನ್ನು ತೋರಿದರು. ಜರ್ಮನಿಯ ಹಾಕ್‌ಬುಷ್ 1979ರ ಹೊತ್ತಿಗೆ ನಿಯಂತ್ರಣದ ಪ್ರಶ್ನೆಗಳಿಗೂ ಈ ಬಹುಜಾಲ ವಿಧಾನವನ್ನು ಅನ್ವಯಿಸಿದರು. ಮುಂದೆ ಸ್ಥಿತಿಯನ್ನೂ ಆಯ್ಕೆಯನ್ನೂ ಒಟ್ಟೊಟ್ಟಿಗೇ ತಿದ್ದುವ ದಾರಿಗಳು ತೆರೆದವು. ಪ್ರತಿ ಸಲವೂ ಮೊದಲಿನಿಂದ ಬಿಡಿಸುವ ಶ್ರಮ ತಪ್ಪಿತು.

ಆದರೂ ಒಂದು ಮಾತು ಉಳಿಯುತ್ತದೆ. ಉತ್ತಮವಾದುದನ್ನು ಹುಡುಕೆಂದರೆ ಯಂತ್ರ ಹುಡುಕೀತು. ಉತ್ತಮವೆಂದರೆ ಯಾವುದೆಂದು ಅದು ಹೇಳಲಾರದು. ತುದಿಯವನ ಒಣಗಿದ ಪೈರಿಗೆ ಎಷ್ಟು ತೂಕ, ಮೇಲಿನವನ ಸವಳು ನೆಲಕ್ಕೆ ಎಷ್ಟು ತೂಕ ಎಂಬುದನ್ನು ಲೆಕ್ಕ ಆರಂಭವಾಗುವ ಮೊದಲೇ ಮನುಷ್ಯರು ಕುಳಿತು ನಿರ್ಣಯಿಸಬೇಕು. ಅಲ್ಲಿ ತಪ್ಪಿದರೆ ಯಾವ ಜಾಲರಿಯೂ ಅದನ್ನು ತಿದ್ದಲಾರದು.