ಗುಂಜಿಯ ಅಳಂಬಿಗೆ ಬೆಳೆಗಾರ ಯಾರು?

ಹವಾಮಾನ ಕೆಟ್ಟಿದೆ, ಅಣಬೆಯವರು ಏನು ಮಾಡಬೇಕು ಎಂದು ಕೇಳಿದರೆ ಸಿದ್ಧ ಉತ್ತರವೊಂದು ಸಿಗುತ್ತದೆ: ಶೆಡ್ ಹಾಕಿ, ಭತ್ತದ ಹುಲ್ಲು ಬೇಯಿಸಿ, ಬೀಜ ತುಂಬಿದ ಚೀಲ ತೂಗುಬಿಡಿ. ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಗುಂಜಿ ಹೋಬಳಿಯ ಮಟ್ಟಿಗೆ ಈ ಉತ್ತರ ಬೇರಾವುದೋ ಪ್ರಶ್ನೆಯದ್ದು. ಲೋಂಡಾ ಮತ್ತು ಖಾನಾಪುರದ ನಡುವಿನ ಈ ಕಾಡಿನಲ್ಲಿ ಮುಂಗಾರು ನೆಲಕ್ಕೆ ಇಳಿದ ಮೇಲೆ ಏಳುವ ಅಳಂಬಿಯನ್ನು, ಅಂದರೆ ಕಾಡಿನ ಅಣಬೆಯನ್ನು, ಮನುಷ್ಯ ಬೆಳೆಯುವುದಿಲ್ಲ, ಗೆದ್ದಲು ಬೆಳೆಯುತ್ತದೆ. ಅಗಿದ ಕಟ್ಟಿಗೆ, ತರಗೆಲೆಗಳಿಂದ ಗೆದ್ದಲು ಹುತ್ತದೊಳಗೆ ಜೇನುಹಟ್ಟಿಯಂಥ ತೊಟ್ಟಿಗಳನ್ನು ಕಟ್ಟಿ, ಅದರ ಮೇಲೆ ಶಿಲೀಂಧ್ರವನ್ನು ಸಾಕಿ, ಅದರ ಬಿಳಿ ಗಂಟುಗಳನ್ನು ತಿಂದು ಬದುಕುತ್ತದೆ. ಸುಮಾರು 3 ಕೋಟಿ ವರ್ಷಗಳ ಒಕ್ಕಲುತನ ಇದು. ಫ್ರಾನ್ಸಿನ ಶಿಲೀಂಧ್ರಶಾಸ್ತ್ರಜ್ಞ ರೋಜೆ ಏಮ್ 1942ರಲ್ಲಿ ಈ ಶಿಲೀಂಧ್ರದ ಕುಲಕ್ಕೆ ಟರ್ಮಿಟೊಮೈಸಿಸ್ ಎಂಬ ಹೆಸರಿಟ್ಟ. ಅಳಂಬಿಯೊಂದನ್ನು ಜೋಪಾನವಾಗಿ ತಿರುವಿ ಎಳೆದರೆ ಕಾಂಡದ ಕೆಳಗೆ ಬೇರಿನಂಥ ಉದ್ದ ಬಾಲ ಬರುತ್ತದೆ. ಅದು ನೇರವಾಗಿ ಆ ತೊಟ್ಟಿಗೆ ಇಳಿದದ್ದು. ಕೊಡೆಯ ನೆತ್ತಿಯಲ್ಲಿರುವ ಗಟ್ಟಿ ಮೊನೆ ಮಣ್ಣನ್ನು ತೂರಿಕೊಂಡು ಬರಲಿಕ್ಕೆ. ಆದ್ದರಿಂದ ಇಲ್ಲಿ ಹವಾಮಾನಕ್ಕೆ ಒಗ್ಗಿಕೊಳ್ಳುವುದೆಂದರೆ ಮೊದಲು ಹುತ್ತ ಉಳಿಸುವುದು, ಮಿಕ್ಕದ್ದೆಲ್ಲ ಆಮೇಲೆ ಎಂಬುದು ನನ್ನ ವಾದ.

ಈ ಕಾಡಿನ ಇತಿಹಾಸ ಬರೆದವರೆಲ್ಲ ಅಳಂಬಿಯನ್ನು ಬಿಟ್ಟು ಸಾಗವಾನಿ, ಬಿದಿರು, ಕುಮರಿಗಳ ಬಗ್ಗೆಯೇ ಬರೆದರು. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು 19ನೇ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷರು ಅದುಮಿದರು. 1878ರ ಅರಣ್ಯ ಕಾಯ್ದೆ ಕಾಡಿಗೆ ಗಡಿಕಲ್ಲು ನೆಟ್ಟಿತು. 1880ರ ದಶಕದ ಕೊನೆಗೆ ಸದರ್ನ್ ಮರಾಠಾ ರೈಲ್ವೆ ಲೋಂಡಾದ ಮೂಲಕ ಗೋವಾದ ಕಡೆಗೂ ಬೆಳಗಾವಿಯ ಕಡೆಗೂ ದಾರಿ ತೆರೆಯಿತು. ಒಂದು ದಿನ ದಾಟಿದರೆ ಹುಳ ಬೀಳುವ ಸರಕಿಗೆ ಇಂಥ ದಾರಿಯ ಬೆಲೆ ಎಷ್ಟೆಂದು ಬೇರೆ ಹೇಳಬೇಕಿಲ್ಲ. ಶ್ರಾವಣದಲ್ಲಿ ಮೀನು, ಮಾಂಸ ಬಿಟ್ಟ ಗೋವಾದ ಮನೆಗಳಲ್ಲಿ ಅಳಂಬಿಗೆ ಬೇಡಿಕೆ ಏರುತ್ತದೆ. ಅಲ್ಲಿನ ಸಂತೆಗಳಲ್ಲಿ ಅದನ್ನು ಸಾಗವಾನಿ ಎಲೆಯಲ್ಲಿ ಕಟ್ಟಿ ಕೊಡುತ್ತಾರೆ. ಆದರೆ ಕಾನೂನಿನ ಕಣ್ಣಿಗೆ ಈ ಸರಕು ಬೀಳಲೇ ಇಲ್ಲ. 1927ರ ಅರಣ್ಯ ಕಾಯ್ದೆ ಅರಣ್ಯ ಉತ್ಪನ್ನವನ್ನು ವಿವರಿಸುವಾಗ ಹುಲ್ಲು, ಬಳ್ಳಿ, ಹಾವಸೆಯ ತನಕ ಹೆಸರಿಸಿ ಅಣಬೆಯನ್ನು ಬಿಟ್ಟಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಜೇನು, ಅರಗು, ಗೆಡ್ಡೆಗಳನ್ನು ಪಟ್ಟಿ ಮಾಡಿ ಎಲ್ಲವನ್ನೂ ಸಸ್ಯಮೂಲದ ಉತ್ಪನ್ನ ಎಂದಿತು. ಅಣಬೆ ಸಸ್ಯವೇ ಅಲ್ಲ! ಬುಡಕಟ್ಟಿನವರಲ್ಲದ ಕಾಡುವಾಸಿಗಳು 75 ವರ್ಷಗಳ ವಾಸ ತೋರಿಸಬೇಕೆಂದು ಕೇಳುವ ಅದೇ ಕಾಯ್ದೆಯ ಮುಂದೆ, ಬುಟ್ಟಿಯಲ್ಲಿ ತಂದು ಸಂಜೆಗೆ ಮಾರಿ ಮುಗಿಸಿದ ಕಸುಬಿಗೆ ಯಾವ ಕಾಗದವಿದ್ದೀತು?

ಈ ಕಸುಬಿನ ಬಂಡವಾಳ ಎರಡೇ: ಹುತ್ತ ಎಲ್ಲಿದೆ ಎಂಬ ನೆನಪು, ಮಳೆಯ ಲೆಕ್ಕ. ಮಿರಗ (ಮೃಗಶಿರ) ಕೂಡಿ ನೆಲ ನೆನೆದ ಮೇಲೆ ಆರಿದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರ ಎಣಿಸುವ ಆ ಲೆಕ್ಕ ಈಗ ತಪ್ಪುತ್ತಿದೆ. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೆ. ನಡುವೆ 15 ದಿನ, ಅಂದರೆ ಒಂದು ಪೂರಾ ನಕ್ಷತ್ರದ ಅಂತರ. 2019ರ ಆಗಸ್ಟ್‌ನಲ್ಲಿ ಬೆಳಗಾವಿ ಜಿಲ್ಲೆ ನೆರೆಯಲ್ಲಿ ಮುಳುಗಿತು. 2023ರ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಅಳಂಬಿಗೆ ಬೇಕಾದದ್ದು ನೆಲ ತೊಯ್ಯುವ ಮಳೆ, ನಡುವೆ ತುಸು ಹೊಳವು. ಒಂದೇ ಸಮ ಸುರಿದರೆ ಅರಳಿದ ಕೊಡೆ ಕೊಳೆಯುತ್ತದೆ. ಮಳೆ ಕೈಕೊಟ್ಟರೆ ಒಣಗಿ ಬಿಗಿದ ಮಣ್ಣಿನ ಕೆಳಗೇ ಮೊಗ್ಗು ನಿಲ್ಲುತ್ತದೆ. ಆದರೂ ಹುತ್ತದೊಳಗಿನ ತಾಪ, ತೇವಗಳನ್ನು ಗೆದ್ದಲು ತಾನೇ ಕಾಯುತ್ತದೆ ಎಂಬುದನ್ನು ಮರೆಯಬಾರದು. ಹೊರಗಿನ ಏರಿಳಿತವನ್ನು ತಡೆದುಕೊಳ್ಳುವ ಶಕ್ತಿ ಇರುವುದು ಅಲ್ಲಿಯೇ. ನೆರಳಲ್ಲೊಂದು, ಇಳಿಜಾರಿನಲ್ಲೊಂದು, ಹಳ್ಳದ ದಂಡೆಯಲ್ಲೊಂದು ಎಂದು ಹತ್ತಾರು ಹುತ್ತ ಗೊತ್ತಿರುವವರಿಗೆ ಒಂದಿಲ್ಲೊಂದು ಕಡೆ ಏನಾದರೂ ಸಿಕ್ಕೀತು. ಒಂದೇ ಹುತ್ತವನ್ನು ನಂಬಿದವರಿಗೆ ಪಂಚಾಂಗ ತಪ್ಪಿದ ವರ್ಷ ಬುಟ್ಟಿ ಖಾಲಿ.

ಇಷ್ಟೆಲ್ಲ ಯಾಕೆ, ಶೆಡ್ಡಿನಲ್ಲೇ ಬೆಳೆದರಾಯಿತಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ತೂಕವಿದೆ. ಚಿಪ್ಪು ಅಣಬೆ 20ರಿಂದ 30 ಡಿಗ್ರಿಯಲ್ಲಿ ಬರುತ್ತದೆ, ಹಾಲು ಅಣಬೆ 35 ಡಿಗ್ರಿಯನ್ನೂ ತಾಳುತ್ತದೆ. ಬೀಜ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ. ಭತ್ತದ ಹುಲ್ಲಿಗೆ ಕೊರತೆಯಿಲ್ಲದ ಖಾನಾಪುರದಲ್ಲಿ ಇದು ಒಳ್ಳೆಯ ಉಪಕಸುಬೇ ಸರಿ. ಆದರೆ ಅದಕ್ಕೆ ಜಾಗ, ನೀರು, ಕರೆಂಟು, ಮುಂಗಡ ಹಣ ಬೇಕು. ಕಾಡಿಗೆ ಹೋಗುವವರ ಹತ್ತಿರ ಇಲ್ಲದ್ದು ಅವೇ. ಮೇಲಾಗಿ ಗೆದ್ದಲಿಲ್ಲದೆ ಟರ್ಮಿಟೊಮೈಸಿಸ್ಸನ್ನು ಮಾರಾಟಕ್ಕೆ ಸಾಕಾಗುವಷ್ಟು ಬೆಳೆಯುವ ವಿದ್ಯೆ ಯಾರ ಕೈಗೂ ಹತ್ತಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕಿತ್ತವರೇ ಕಾಡಿನ ಅಣಬೆಯನ್ನು ಮುಗಿಸುತ್ತಿದ್ದಾರೆ, ನಿಷೇಧವೇ ದಾರಿ ಎಂದು ನಿಸರ್ಗಪ್ರೇಮಿಗಳು ಹೇಳುತ್ತಾರೆ. ಅರ್ಧ ನಿಜ. ಕೊಡೆ ಕಿತ್ತರೆ ಒಳಗಿನ ತೊಟ್ಟಿ ಸಾಯುವುದಿಲ್ಲ, ಗುದ್ದಲಿ ಹಾಕಿದರೆ ಸಾಯುತ್ತದೆ. ಆದರೆ ಈ ಕುಲದ ಬಹುಪಾಲು ಜಾತಿಗಳಲ್ಲಿ ಹೊಸ ಗೂಡಿನ ಗೆದ್ದಲು ಶಿಲೀಂಧ್ರದ ಬೀಜಕಣಗಳನ್ನು ಹೊರಗಿನಿಂದ ಆರಿಸಿಕೊಂಡು ಹೋಗಬೇಕು. ಗಿರಾಕಿಗೆ ಅರಳದ ಮೊಗ್ಗೇ ಇಷ್ಟವೆಂದು ಎಲ್ಲವನ್ನೂ ಮೊಗ್ಗಿನಲ್ಲೇ ಕಿತ್ತರೆ ಆ ಕಣಗಳು ಬರುವುದೆಲ್ಲಿಂದ? ಹಾಗೆಂದು ಜನರನ್ನು ಹೊರಹಾಕಿದರೆ ಪರಿಹಾರವಾಗದು. 2011ರಲ್ಲಿ ಪಕ್ಕದ ಭೀಮಗಡ ವನ್ಯಧಾಮವಾದ ಮೇಲೆ ಅಲ್ಲಿ ಪರವಾನಗಿಯಿಲ್ಲದೆ ಏನನ್ನೂ ತರುವಂತಿಲ್ಲ. ಯಾವ ಹುತ್ತ ಯಾವ ಮಳೆಗೆ ಏಳುತ್ತದೆಂದು ಬಲ್ಲವರು ಕಾಡಿನಿಂದ ದೂರವಾದಷ್ಟೂ ಹುತ್ತ ಕಾಯುವ ಕಣ್ಣುಗಳೂ ಕಡಿಮೆಯಾಗುತ್ತವೆ. ತನ್ನ ವ್ಯಾಪ್ತಿಯ ಸಮುದಾಯ ಅರಣ್ಯದ ಬಳಕೆಗೆ ನಿಯಮ ಮಾಡುವ ಅಧಿಕಾರವನ್ನು 2006ರ ಕಾಯ್ದೆ ಗ್ರಾಮಸಭೆಗೆ ಕೊಟ್ಟಿದೆ. ಗುಂಜಿ ಸುತ್ತಿನ ಗ್ರಾಮಸಭೆಗಳು ಮುಂದಿನ ಮಿರಗಕ್ಕೆ ಮುಂಚೆ ಎರಡು ಸಾಲಿನ ಠರಾವು ಮಾಡಲಿ: ಹುತ್ತಕ್ಕೆ ಗುದ್ದಲಿ ಹಾಕಬಾರದು, ಪ್ರತಿ ಹುತ್ತದಲ್ಲೂ ಒಂದಷ್ಟು ಕೊಡೆ ಅರಳಲು ಬಿಡಬೇಕು. ಅರಣ್ಯ ಇಲಾಖೆ ತನ್ನ ಕಿರು ಉತ್ಪನ್ನಗಳ ಪಟ್ಟಿಗೆ ಅಣಬೆಯ ಹೆಸರು ಸೇರಿಸಲಿ.