ಶನಿವಾರ ಗಾಣ ಕಟ್ಟದವರು

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೋದವರಿಗೆ ಮನ್ಮಾಡ್ ಹೊಸದಲ್ಲ. ಇದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಬೆಳೆಸಿದ ಊರು. ಆ ಕಂಪನಿಯ ನೌಕರಿ ಹಿಡಿದು ಮುಂಬಯಿಯಿಂದ ಒಳನಾಡಿಗೆ ಹರಡಿದವರಲ್ಲಿ ಮನೆಯಲ್ಲಿ ಮರಾಠಿ ಆಡುವ, ಹೆಸರಿನ ಕೊನೆಗೆ ಕೇಹಿಮ್‌ಕರ್, ದಿವೇಕರ್ ಎಂದು ಕೊಂಕಣದ ಹಳ್ಳಿಯನ್ನು ಹೊತ್ತ ಯಹೂದಿಗಳೂ ಇದ್ದರು. ಅವರೇ ಬೆನೆ ಇಸ್ರೇಲಿಗಳು.

ಕೊಂಕಣದ ಅಲಿಬಾಗ್ ಸೀಮೆಯಲ್ಲಿ ಅವರ ಕಸುಬು ಎಣ್ಣೆ ತೆಗೆಯುವುದು. ಶನಿವಾರ ಮಾತ್ರ ಎತ್ತನ್ನು ಗಾಣಕ್ಕೆ ಕಟ್ಟುತ್ತಿರಲಿಲ್ಲ. ಊರವರು ಇಟ್ಟ ಹೆಸರು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು. ಸೋಮವಾರ ಬಿಡುವು ಮಾಡುವ ಹಿಂದೂ ಗಾಣಿಗರು ‘ಸೋಮವಾರ ತೇಲಿ’. ಯಹೂದಿಗಳ ಶನಿವಾರದ ಬಿಡುವಿಗೆ ಹೀಬ್ರೂವಿನಲ್ಲಿರುವ ‘ಶಬ್ಬಾತ್’ ಎಂಬ ಹೆಸರಿಗೆ ನಿಲ್ಲಿಸುವುದು ಎಂದು ಅರ್ಥ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಗಾಣವಂತೂ ನಿಲ್ಲುತ್ತಿತ್ತು.

ಹೀಬ್ರೂ ಅವರಿಂದ ಬಹುತೇಕ ಕಳಚಿಹೋಗಿತ್ತು. ಉಳಿದದ್ದು ‘ಕೇಳು’ ಎಂಬ ಅರ್ಥದ ಮಾತಿನಿಂದ ಶುರುವಾಗುವ ಶೆಮಾ ಪ್ರಾರ್ಥನೆ. ಮದುವೆಗೂ ಅದೇ ಮಂತ್ರ, ಸಾವಿಗೂ ಅದೇ.

ಮರೆತದ್ದನ್ನು ಅಡುಗೆಮನೆ ಕಾಪಾಡಿದ ಬಗೆ ಇನ್ನೂ ಸೊಗಸು. ಹಬ್ಬಗಳ ಹೆಸರೆಲ್ಲ ಮರಾಠಿ. ಪ್ರಾಯಶ್ಚಿತ್ತದ ಯೋಮ್ ಕಿಪ್ಪೂರ್ ದಿನ ಬಾಗಿಲು ಹಾಕಿಕೊಂಡು ಉಪವಾಸವಿರುತ್ತಿದ್ದರು, ಆದ್ದರಿಂದ ಅದು ಬಾಗಿಲು ಮುಚ್ಚುವ ಹಬ್ಬ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯ ಪೆಸಾಖ್‌ನಲ್ಲಿ ಹುಳಿಹಿಟ್ಟು ನಿಷಿದ್ಧ. ಇವರದು ಹುಳಿಯ ಗಡಿಗೆಯನ್ನು ಮುಚ್ಚಿಡುವ ಹಬ್ಬ. ಕಥೆ ಮರೆತಿತ್ತು, ಮುಚ್ಚಳ ಮರೆತಿರಲಿಲ್ಲ. ಜೆರುಸಲೇಮಿನ ದೇವಾಲಯ ನಾಶವಾದ ದುಃಖದ ಉಪವಾಸಕ್ಕೆ ‘ಬಿರಡ್ಯಾಚಾ ಸಣ’ ಎಂದು ಹೆಸರು. ಬಿರಡೆ ಎಂದರೆ ಮೊಳಕೆ ಬರಿಸಿ ಸಿಪ್ಪೆ ಬಿಡಿಸಿದ ಅವರೆಯ ಪಲ್ಯ, ನಮ್ಮ ಹಿತಕಿದಬೇಳೆಗೆ ದಾಯಾದಿ. ದುಃಖದ ಊಟಕ್ಕೆ ಬೇಳೆಕಾಳು ಬಡಿಸುವುದು ಯಹೂದಿಗಳಲ್ಲಿ ಬಲು ಹಳೆಯ ರೂಢಿ.

ಹರಕೆ ತೀರಿದಾಗ ಮಲೀದಾ. ಅವಲಕ್ಕಿಗೆ ಸಿಹಿ, ತೆಂಗಿನತುರಿ ಬೆರೆಸಿ, ಹಣ್ಣು ಜೋಡಿಸಿ ಪ್ರವಾದಿ ಎಲಿಯಾಹುವನ್ನು ಕರೆಯುತ್ತಾರೆ. ಅಲಿಬಾಗ್ ಬಳಿಯ ಖಂಡಾಳೆಯ ಬಂಡೆಯಲ್ಲಿರುವ ಗುರುತು ಅವನ ರಥ ಮೂಡಿಸಿದ್ದೆಂಬುದು ಅವರ ನಂಬಿಕೆ.

ಈ ಕಥೆಯಲ್ಲಿ ಕನ್ನಡನಾಡೂ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಅಧಿಕಾರಿ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಟಿಪ್ಪುವಿನ ಸೆರೆಯಾಳಾದ. ಕುರಾನಿನಲ್ಲಿ ಹೆಸರಿರುವ ಜನ ಇವರು ಎಂದು ಟಿಪ್ಪುವಿನ ತಾಯಿ ಬಿಡಿಸಿದಳೆಂದು ಸಮುದಾಯ ಹೇಳಿಕೊಳ್ಳುತ್ತದೆ. ಅದರಲ್ಲಿ ಚರಿತ್ರೆ ಎಷ್ಟೇ ಇರಲಿ, 1796ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಅವನು ಸ್ಥಾಪಿಸಿದ ‘ಕರುಣೆಯ ಬಾಗಿಲು’ ಎಂಬ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾಮಂದಿರ, ಇಂದಿಗೂ ಇದೆ. ಜನ ಅದನ್ನು ಮಶೀದ್ ಎಂದೇ ಕರೆದರು. ಪಕ್ಕದ ಮಸ್ಜಿದ್ ಸ್ಟೇಷನ್ನಿಗೆ ಹೆಸರು ಬಂದದ್ದು ಅದರಿಂದಲೇ ಎನ್ನುವವರಿದ್ದಾರೆ.

ಹೀಬ್ರೂವನ್ನು ಮರಳಿ ತಂದವರಲ್ಲಿ ಕೊಚ್ಚಿಯ ಯಹೂದಿ ಗುರುಗಳೂ ಇದ್ದರು, ಸ್ಕಾಟ್ಲೆಂಡಿನ ಪಾದ್ರಿ ಜಾನ್ ವಿಲ್ಸನ್ ಕೂಡ. 1832ರಲ್ಲಿ ವಿಲ್ಸನ್ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದ. ಆತನ ಆಸೆ ಮತಾಂತರ. ಇವರು ವ್ಯಾಕರಣ ಕಲಿತು ತಮ್ಮ ಪ್ರಾರ್ಥನೆಯನ್ನೇ ಓದತೊಡಗಿದರು.

1846ರಲ್ಲಿ ಮುಂಬಯಿಯಲ್ಲಿ ಪೆಸಾಖ್‌ನ ರಾತ್ರಿ ಓದುವ ಹಗ್ಗಾದಾ ಪುಸ್ತಕ ಮರಾಠಿ ಅನುವಾದದೊಂದಿಗೆ ಅಚ್ಚಾಯಿತು. ಹೀಬ್ರೂ ಬಲದಿಂದ ಎಡಕ್ಕೆ, ಮರಾಠಿ ಎಡದಿಂದ ಬಲಕ್ಕೆ. 1874ರ ಪುಣೆಯ ಪ್ರತಿಯಲ್ಲಿ ಚಿತ್ರಗಳೂ ಇವೆ. ಅದರಲ್ಲಿ ಈಜಿಪ್ಟಿನಿಂದ ಹೊರಟವರ ಹುಳಿಯಿಲ್ಲದ ರೊಟ್ಟಿಯನ್ನು ಮರಾಠಿ ಸೀರೆಯುಟ್ಟ ಹೆಂಗಸರು ನೆಲದ ಮೇಲೆ ಕೂತು ಮಾಡುತ್ತಿದ್ದಾರೆ.