ಆಟದ ಶಾಲೆಗೆ ಅಂಟಿದ ತಪ್ಪು ಕಲ್ಪನೆಗಳು: ಮಂಗಳೂರಿನ ಚರಿತ್ರೆ

ಮಗುವಿನ ಆಸಕ್ತಿಯ ಜಾಡು ಹಿಡಿದು ಕಲಿಸುವ ಪದ್ಧತಿಯ ಬಗ್ಗೆ ಮಂಗಳೂರಿನಲ್ಲಿ ಬೇರೂರಿದ ತಪ್ಪು ಕಲ್ಪನೆಗಳಲ್ಲಿ ಎರಡು ಮುಖ್ಯ. ದುಬಾರಿ ಇಂಗ್ಲಿಷ್ ಮಾಧ್ಯಮ ಶಾಲೆಗಳ ಬೆನ್ನಿಗೆ ಇತ್ತೀಚೆಗೆ ಬಂದದ್ದು ಅದು ಎಂಬುದೊಂದು. ಅಲ್ಲಿ ಟೀಚರಿಗೆ ಕೆಲಸವೇ ಇಲ್ಲ, ಮಕ್ಕಳು ಸುಮ್ಮನೆ ಆಡಿಕೊಂಡಿರುತ್ತಾರೆ ಎಂಬುದು ಇನ್ನೊಂದು. ಊರಿನ ಶಿಕ್ಷಣದ ಚರಿತ್ರೆ ಎರಡನ್ನೂ ಒಪ್ಪುವುದಿಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎರಡು ವರ್ಷಗಳಲ್ಲಿ ಕನ್ನಡ ಶಾಲೆ ತೆರೆಯಿತು. ಅದಕ್ಕೂ ಮೊದಲಿದ್ದವು ಐಗಳ ಮಠಗಳು, ಅಂದರೆ ಊರ ಮೇಷ್ಟ್ರುಗಳ ಶಾಲೆಗಳು. ಅಲ್ಲಿ ಮಗು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿತ್ತು, ಗಟ್ಟಿಯಾಗಿ ಮಗ್ಗಿ ಒಪ್ಪಿಸುತ್ತಿತ್ತು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ಭಾಗ. ಆ ಪ್ರಾಂತ್ಯದ ಸರಕಾರಿ ಅನುದಾನಕ್ಕೆ ಪರೀಕ್ಷೆಯ ಫಲಿತಾಂಶವೇ ಅಳತೆಗೋಲಾದ ಮೇಲೆ ಹೊಸ ಶಾಲೆಗಳಲ್ಲೂ ಬಾಯಿಪಾಠವೇ ಮೆರೆಯಿತು.

ಆ ವ್ಯವಸ್ಥೆಯ ಒಳಗೇ ಇದ್ದವರು ಪಂಜೆ ಮಂಗೇಶರಾಯರು (1874–1937). ಬಂಟ್ವಾಳದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ದುಡಿದವರು, ಮನೆಮಾತು ಕೊಂಕಣಿ. ತುಳು, ಕೊಂಕಣಿ, ಬ್ಯಾರಿ ಆಡುವ ಮಕ್ಕಳಿಗೆ ಶಾಲೆಯ ಕನ್ನಡ ಎಷ್ಟು ಹೊಸದು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರ ನಾಗರಹಾವಿನ ಪದ್ಯ ಸರಳ ಮನರಂಜನೆಯಂತೆ ಕಾಣುತ್ತದೆ. ಅದರ ಹೆಣಿಗೆ ನೋಡಿದರೆ ವಿಷಯ ಬೇರೆ. ಪ್ರತಿ ನುಡಿಯ ಕೊನೆಯಲ್ಲಿ ಒಂದೇ ಅಕ್ಷರದ ಪದ ಮತ್ತೆ ಮತ್ತೆ ಬರುತ್ತದೆ. ಇನ್ನೂ ಓದಲು ಬಾರದ ಮಗುವೂ ಅಲ್ಲಿ ದನಿಗೂಡಿಸಬಹುದು, ಕೈಸನ್ನೆ ಮಾಡಬಹುದು. ಮಗು ಎಲ್ಲಿ ಸೇರಿಕೊಳ್ಳುತ್ತದೆ ಎಂದು ಮೊದಲೇ ಲೆಕ್ಕ ಹಾಕದೆ ಇಂಥದ್ದನ್ನು ಬರೆಯಲಾಗದು. ಪಂಜೆಯವರು ಇದಕ್ಕೆ ಯಾವ ಸಿದ್ಧಾಂತದ ಹೆಸರನ್ನೂ ಅಂಟಿಸಲಿಲ್ಲ. ಅವರನ್ನು ಹಿರಿಯ ಶಿಶುಕವಿ ಎಂದು ಹೊಗಳಿ, ಶಿಕ್ಷಣ ಚಿಂತಕ ಎಂಬುದನ್ನು ಮರೆತದ್ದು ಅದಕ್ಕೇ ಇರಬೇಕು.

ಶಿವರಾಮ ಕಾರಂತರ ದಾರಿ ಇನ್ನಷ್ಟು ನೇರ. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. 1930ರ ದಶಕದಲ್ಲಿ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ ‘ಬಾಲಪ್ರಪಂಚ’ವನ್ನು ಹೊರತಂದರು. ಮಗುವಿನ ಕುತೂಹಲಕ್ಕೆ ಬಿಟ್ಟುಕೊಡುವುದೆಂದರೆ ದೊಡ್ಡವರು ಸಾವಿರಾರು ವಿಷಯ ಓದಿ ಸಿದ್ಧರಾಗಿರುವುದು ಎಂಬುದಕ್ಕೆ ಆ ಸಂಪುಟಗಳೇ ಸಾಕ್ಷಿ.

ಈ ಪದ್ಧತಿಗೆ ಜಗತ್ತಿನಲ್ಲೇ ಹೆಸರಾದ ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಎರಡನೇ ಮಹಾಯುದ್ಧ ಶುರುವಾಗಿದ್ದರಿಂದ ಇಟಲಿಯ ಪ್ರಜೆಯಾದ ಅವರು ವರ್ಷಗಟ್ಟಲೆ ಭಾರತದಲ್ಲೇ ಉಳಿಯಬೇಕಾಯಿತು. ಅವರ ಉಪ್ಪುಕಾಗದದ ಅಕ್ಷರಗಳನ್ನು ಮಗು ಬೆರಳಿನಿಂದ ಸವರುವುದನ್ನು ಕಂಡು, ಇದು ನಮ್ಮ ಐಗಳ ಮರಳೇ ತಾನೆ ಎನ್ನುವವರಿದ್ದಾರೆ. ಬೆರಳಿನ ಚಲನೆ ಒಂದೇ, ನಿಜ. ಆದರೆ ಮಠದಲ್ಲಿ ಎಷ್ಟು ಹೊತ್ತು ತಿದ್ದಬೇಕೆಂಬುದು ಐಗಳ ಮರ್ಜಿ, ತಪ್ಪು ಹಿಡಿಯುವವರೂ ಐಗಳೇ. ಮಾಂಟೆಸ್ಸರಿ ಸಾಧನಗಳು ತಪ್ಪನ್ನು ತಾವೇ ತೋರಿಸಿಕೊಡುತ್ತವೆ: ಹತ್ತು ಮರದ ಗೂಟಗಳನ್ನು ಹತ್ತು ಕುಳಿಗಳಲ್ಲಿ ಕೂರಿಸುವಾಗ ಒಂದು ಅದಲುಬದಲಾದರೂ ಕೊನೆಯದು ಹೊಂದುವುದಿಲ್ಲ, ಮಗು ತಾನೇ ತೆಗೆದು ಮತ್ತೆ ಜೋಡಿಸುತ್ತದೆ. ಗದ್ದಲವಿಲ್ಲದ ಇಂಥ ಮಾಂಟೆಸ್ಸರಿ ತರಗತಿಗೆ ‘ಮಕ್ಕಳ ಸ್ವೇಚ್ಛೆ’ ಎಂಬ ಆರೋಪ ಅಷ್ಟಾಗಿ ಹೊಂದುವುದಿಲ್ಲ. ಇವತ್ತು ಬೋರ್ಡಿನ ಮೇಲೆ ಮಾಂಟೆಸ್ಸರಿ ಎಂದು ಬರೆಸಿ ಒಳಗೆ ಕಾಪಿ ಬರೆಸುವ ಶಾಲೆಗಳಿಗೂ ಆ ಹೆಸರಿಗೂ ಸಂಬಂಧವಿಲ್ಲ.

ಬಡವರ ಮಕ್ಕಳಿಗೆ ಈ ಪದ್ಧತಿ ಒಗ್ಗದು ಎಂಬ ಮಾತೂ ಇದೆ. ಆದರೆ ಮಾಂಟೆಸ್ಸರಿಯ ಮೊದಲ ಶಾಲೆ 1907ರಲ್ಲಿ ಶುರುವಾದದ್ದೇ ರೋಮಿನ ಕೂಲಿಕಾರರ ಕೇರಿಯಲ್ಲಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿದ, ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ ಪದ್ಧತಿ ಬೆಳೆದದ್ದು ಸರಕಾರಿ ಶಾಲೆಗಳಲ್ಲಿ. 2009–10ರ ಹೊತ್ತಿಗೆ ಅದು ಮಂಗಳೂರಿನ ಸರಕಾರಿ ಕನ್ನಡ ಶಾಲೆಗಳಿಗೂ ತಲುಪಿತು. ಅಲ್ಲಿ ಮಕ್ಕಳು ‘ತಟ್ಟೆ’ ಎಂದು ಕರೆಯುವ ಐದು ಗುಂಪುಗಳಲ್ಲಿ ಕೂರುತ್ತಾರೆ. ಮೊದಲ ತಟ್ಟೆಗೆ ಶಿಕ್ಷಕಿಯ ಪೂರ್ತಿ ಸಹಾಯ, ಕೊನೆಯದರಲ್ಲಿ ಸ್ವಕಲಿಕೆ. ಯಾವ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ದಿನವೂ ಗಮನಿಸಬೇಕಾದ ಶಿಕ್ಷಕಿಗೆ ಬಿಡುವೆಲ್ಲಿ?

ಇಷ್ಟಾದರೂ ಮಕ್ಕಳನ್ನು ಬೇಗ ಒಂದನೇ ತರಗತಿಗೆ ದಾಟಿಸುವ ಪೋಷಕರ ಅವಸರ ಮಾತ್ರ ಕಡಿಮೆಯಾಗಿಲ್ಲ. ಒಂದನೇ ತರಗತಿಗೆ 6 ವರ್ಷ ತುಂಬಿರಬೇಕೆಂಬ ನಿಯಮವನ್ನು ರಾಜ್ಯ ಸರಕಾರ 2025–26ರಿಂದ ಜಾರಿಗೆ ತರಲು ಹೊರಟಿತ್ತು. ಮಕ್ಕಳು ಆಗಲೇ ಯುಕೆಜಿ ಮುಗಿಸಿದ್ದಾರೆ ಎಂದು ಪೋಷಕರು ಒತ್ತಾಯಿಸಿದ್ದರಿಂದ ಆ ಒಂದು ವರ್ಷದ ಮಟ್ಟಿಗೆ ಅದನ್ನು 5 ವರ್ಷ 5 ತಿಂಗಳಿಗೆ ಇಳಿಸಲಾಯಿತು.